ಗಾಳಿ ಹಾಯದ ಜಾಲಿ

ಬೆಳಿಗ್ಗೆ ಎಂದಿನಂತೆ ಅಂಗಳ ಸಾರಿಸಿ, ಚಹಾ ಸೋಸಿಟ್ಟು, ಬಾಣಂತಿ ಮಗಳಿಗೆ ಉಂಡಿ ಕಟ್ಟಲೆಂದು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದೆ. ಅವಳ ಮೊದಲ ಬಾಣಂತನದಲ್ಲಿ ಡಬ್ಬಿಯ ತಳಕ್ಕೆ ಉಳಿದಿದ್ದ ಅಂಟು. ಅದು ಅರಳುತ್ತಿರುವಾಗಲೇ ಓಣಿಯಲ್ಲಿ ಯಾರೋ ಕೂಗಿ ಹೇಳಿದರು, ಬಡಿಗೇರ ಕಾಕಾ ಹೋದರಂತೆ.

ನನ್ನ ಕಣ್ಣ ಮುಂದೆ ಬಂದದ್ದು ಅವರ ಕೆನ್ನೆ. ಹಲ್ಲು ಬಿದ್ದು ಒಳಗೆ ಹೋಗಿದ್ದ ಆ ಕೆನ್ನೆ, ಕಟ್ಟಿಗೆಗೆ ಬಾಯಿಟ್ಟು ಊದುವಾಗ ಮಾತ್ರ ಕೂಸಿನ ಕೆನ್ನೆಯಂತೆ ಉಬ್ಬುತ್ತಿತ್ತು.

ಬಾಗೇವಾಡಿಯಿಂದ ಮನಗೂಳಿವರೆಗೆ ನೊಗ, ಕೂರಿಗೆ ಅಂದರೆ ಅವರ ಕೈಯದೇ. ಕಟ್ಟಿಗೆಯನ್ನು ಪರೀಕ್ಷಿಸಲು ಅದರ ಗೇಣುದ್ದ ತುಂಡು ಕೊಯ್ದು, ಒಂದು ತುದಿಗೆ ಸಾಬೂನಿನ ನೊರೆ ಹಚ್ಚಿ, ಇನ್ನೊಂದು ತುದಿಯಿಂದ ಊದುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಲ್ಲಿ ಗಾಳಿ ಹಾಯ್ದು ನೊರೆಯಲ್ಲಿ ಗುಳ್ಳೆ ಎದ್ದರೆ ಕಟ್ಟಿಗೆ ಗಟ್ಟಿ. ಅಂಟು ಇಳಿಸಲು ಕೊಡಲಿ ಏಟು ತಿಂದ ಜಾಲಿಯಲ್ಲಿ ಗುಳ್ಳೆ ಏಳುವುದಿಲ್ಲ.

“ಮ್ಯಾಲೆ ತೊಗಟಿ ಕೂಡ್ಕೊಂಡಿರತೈತಿ, ತಂಗಿ. ಒಳಗ ಅಂಟು ತುಂಬಿ ತೂತೆಲ್ಲಾ ಮುಚ್ಚಿರತಾವ, ನಾರಿನ ಎಳಿ ಗಿಡ್ಡ ಆಗಿರತಾವ. ಅದು ಭಾರ ಹೊರಂಗಿಲ್ಲ,” ಎನ್ನುತ್ತಿದ್ದರು. ಅಂಥದ್ದು ಒಲೆಗೆ ಮಾತ್ರ.

ಹೋದ ವರ್ಷ ಕಾಲುವೆ ತೋಡುವಾಗ ನಮ್ಮ ಹೊಲದ ಜಾಲಿ ಉರುಳಿತು. ತಮ್ಮ ಮನೆಗೊಂದು ನಿಚ್ಚಣಿಕೆ ಮಾಡಿಕೊಳ್ಳಲಿ ಎಂದು ಅತ್ತೆ ಅದನ್ನು ಕಾಕಾನಿಗೇ ಕೊಟ್ಟರು. ಅವರು ನಮ್ಮ ಕಟ್ಟೆಯ ಮೇಲೆ ಕೂತೇ ಊದಿದರು. ಗುಳ್ಳೆ ಏಳಲಿಲ್ಲ. ಇನ್ನೊಮ್ಮೆ ಊದಿ ಕೆಮ್ಮಿದರು. ಜೀವಮಾನವೆಲ್ಲ ಕಟ್ಟಿಗೆಯ ಹೊಟ್ಟು ಕುಡಿದ ಎದೆ.

“ಗಿಡಕ್ಕ ಅಂಟಿಗಂತ ಏಟು ಹಾಕಿಸಿದ್ರೇನು?”

“ನಮ್ಮ ಮಾವ ಹಚ್ಚಿದ ಗಿಡ. ಅದಕ್ಕ ಕೊಡ್ಲಿ ಮುಟ್ಟಿಸಿದಾಕಿ ಈ ಮನ್ಯಾಗ ಇರಂಗಿಲ್ಲ,” ಎಂದರು ಅತ್ತೆ.

ನಾನು ಹಾಕಿಸಿದ್ದೆ. ಮಗಳ ಮೊದಲ ಬಾಣಂತನಕ್ಕೆಂದು, ಅತ್ತೆ ಊರಲ್ಲಿಲ್ಲದಾಗ, ಅಂಟು ಮಾರುವವಳ ಕೈಲಿ. ಕಾಕಾ ನನ್ನ ಮುಖ ನೋಡಿದರು.

“ಇಲ್ರಿ, ಕಾಕಾ.”

“ತಂಗಿ ಸಿಸ್ಟರಗಳ ಸಾಲ್ಯಾಗ ಕಲ್ತಾಕಿ, ಸುಳ್ಳ ಹೇಳಂಗಿಲ್ಲ. ನನ್ನ ಉಸಿರ ಮುಗದೈತಿ, ಕಟ್ಟಿಗಿ ಏನ್ ಮಾಡೀತು!” ಎಂದು ನಕ್ಕರು.

ಸಂಜೆ ಅವರ ಮನೆಗೆ ಹೋಗಿ ಹೇಳಬಹುದಿತ್ತು. ಹಿಟ್ಟು ನಾದುವುದಿತ್ತು, ಮರುದಿನ ಸಂತೆಯಿತ್ತು.

ಕಾಕಾನ ಹೆಂಡತಿ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತುವಾಗ, ಆ ಜಾಲಿಯಲ್ಲೇ ಮಾಡಿದ ನಿಚ್ಚಣಿಕೆಯ ಮೇಲಿನ ಮೆಟ್ಟಿಲು ಮುರಿಯಿತು. ಕೆಳಗೆ ಒರಳಿತ್ತು. ಮೂರನೆಯ ದಿನ ತೀರಿಕೊಂಡರು.

ದಿನಕರ್ಮ ಮುಗಿಸಿ ಕಾಕಾ ನಮ್ಮ ಬಾಗಿಲಿಗೆ ಬಂದು, ಮುರಿದ ಮೆಟ್ಟಿಲನ್ನು ಕಟ್ಟೆಯ ಮೇಲಿಟ್ಟರು. ಒಳ್ಳೆಯ ಜಾಲಿ ಸಿಬಿರು ಸಿಬಿರಾಗಿ ಸೀಳುತ್ತದೆ. ಇದು ಗಜ್ಜರಿಯಂತೆ ಮುರಿದಿತ್ತು. ನಡುವೆ ಕಂದು ಅಂಟು ಹೊಳೆಯುತ್ತಿತ್ತು.

“ಅವತ್ತ ನನ್ನ ಉಸಿರ ಸರಿನ ಇತ್ತು, ತಂಗಿ.”

ಒಳಗಿದ್ದ ಅತ್ತೆಗೆ ಕೇಳದಂತೆ, ಮೆಲ್ಲಗೆ. ಆಮೇಲೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮುದುಕನ ಕೈ ತಪ್ಪಿತು ಎಂದು ಊರು ಕೆಲಸ ಕೊಡುವುದನ್ನು ಬಿಟ್ಟಿತು. ಅದನ್ನೂ ಹೊತ್ತುಕೊಂಡರು. ನಾನು ಹೊರಲು ಬಿಟ್ಟೆ.

ಕಾಕಾ ಹೋದ ದಿನ ಸಂಜೆ, ಅವರ ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿದ ಪಕ್ಕದ ಮನೆಯಾಕೆ ಕೂಸನ್ನು ನೋಡಲು ಬಂದರು. ಬೆಳಿಗ್ಗೆಯಿಂದ ಪರಾತದಲ್ಲೇ ಉಳಿದಿದ್ದ ಅಂಟನ್ನು ಬೆರಳಲ್ಲಿ ಒತ್ತಿ ನೋಡಿದರು.

“ಪಾಪ, ವಯಸ್ಸಾದ ಮ್ಯಾಲೆ ಕೈ ತಪ್ಪೂದ ಬಿಡ್ರಿ. ಅಲ್ರಿ ಅಕ್ಕಾರ, ಅಂಟು ಎಷ್ಟ ಛಲೋ ಅರಳೇತಿ! ಪ್ಯಾಟಿದಲ್ಲ ಇದು. ಯಾವ ಗಿಡದ್ದು?”