ನಾಲ್ಕು ಬೆರಳಿನ ಜಾಗ

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಸ್ಪ್ರಿಂಗಿನ ಪಾಠ ಹೇಳಿದವನು ನಾನು. ಎಳೆದಷ್ಟೂ ಹಿಗ್ಗುತ್ತದೆ, ಒತ್ತಿದಷ್ಟೂ ಕುಗ್ಗುತ್ತದೆ ಎಂದು ಬೋರ್ಡಿನ ಮೇಲೆ ಸುರುಳಿ ಬಿಡಿಸಿ ತೋರಿಸಿದ್ದೇ ತೋರಿಸಿದ್ದು. ಆದರೆ ಅದು ಕುಗ್ಗುವುದಕ್ಕೆ ಒಂದಿಷ್ಟು ಜಾಗವನ್ನೂ ಬಿಟ್ಟಿರಬೇಕು ಎಂಬುದು ಹೊಳೆದದ್ದು ನಿವೃತ್ತಿಯಾದ ಮೇಲೆ, ಕುಣಿಗಲ್ ರಸ್ತೆಯಲ್ಲಿ, ಟೈರು ಸುಟ್ಟ ವಾಸನೆ ಮೂಗಿಗೆ ಬಡಿದಾಗ.

ನಮ್ಮ ಹಳೇ ಜೀಪಿನ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಟ್ರೇಲರ್ ಮಾಡಿಸಿದ್ದೇನೆ. ಟ್ರೇಲರ್ ಎನ್ನುವುದಕ್ಕಿಂತ ಚಕ್ರದ ಮೇಲಿನ ಕೋಣೆ ಎನ್ನಬಹುದು. ಒಂದು ಮಂಚ, ಒಂದು ಸ್ಟೌ, ಒಂದು ಕಿಟಕಿ, ಕಿಟಕಿಗೊಂದು ಹೂವಿನ ಪರದೆ. ಅದು ಮನೆ ಮುಂದೆ ಬಂದು ನಿಂತ ದಿನವೇ ಎದುರು ಮನೆಯವರು, "ಗೋಬಿ ಗಾಡಿನಾ ಸಾರ್? ಎಲ್ಲಿ ಹಾಕ್ತೀರಾ, ಶಿರಾ ಗೇಟಲ್ಲಾ?" ಎಂದು ಪ್ರೀತಿಯಿಂದಲೇ ವಿಚಾರಿಸಿದರು. ನಾನೂ ಪ್ರೀತಿಯಿಂದಲೇ ಬಾಗಿಲು ಹಾಕಿಕೊಂಡೆ.

ಅದನ್ನು ಮಾಡಿಸಿದ್ದು ನನ್ನ ಹೆಂಡತಿ ಸರ್ವಮಂಗಳಳ ಸೊಂಟಕ್ಕಾಗಿ. ಆಕೆ ಗುಬ್ಬಿಯ ಶಾಲೆಯಲ್ಲಿ ಟೀಚರಾಗಿದ್ದಳು. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು, ಅವಳಿಗಿಂತ ಮೊದಲು ಅವಳ ಸೊಂಟ ನಿವೃತ್ತಿಯಾಯಿತು. ಈಗ ಅರ್ಧ ಗಂಟೆ ಕೂತರೆ ಹತ್ತು ನಿಮಿಷ ಮಲಗಲೇಬೇಕು. ಹುಲಿಯೂರುದುರ್ಗದಲ್ಲಿ ಅವಳ ಅಕ್ಕ ಇದ್ದಾರೆ. ಅವರಿಗೆ ಮಂಡಿನೋವು, ಇವಳಿಗೆ ಸೊಂಟನೋವು. ಎರಡು ವರ್ಷದಿಂದ ಇಬ್ಬರೂ ಮುಖ ನೋಡಿಲ್ಲ. ದಿನಾ ಫೋನಿನಲ್ಲಿ ಅಕ್ಕ "ಯಾವಾಗ್ ಬರ್ತೀಯೇ?" ಅನ್ನುತ್ತಾರೆ, ಇವಳು "ಬರ್ತೀನಿ ಬಿಡಕ್ಕ" ಅನ್ನುತ್ತಾಳೆ. ಫೋನಿಟ್ಟ ಮೇಲೆ ಅದರ ಗಾಜನ್ನು ಸೆರಗಿನಿಂದ ಒರೆಸುತ್ತ ಕೂರುತ್ತಾಳೆ. ಬಾಯಿತುಂಬ ಬೈದರೂ ತಡೆದುಕೊಂಡೇನು, ಅವಳ ಆ ಒರೆಸಾಟ ನೋಡಲು ನನ್ನಿಂದ ಆಗುವುದಿಲ್ಲ. ಜೀಪಿನಲ್ಲಿ ಒಂದಿಷ್ಟು ದೂರ, ನಿಲ್ಲಿಸಿ ಟ್ರೇಲರಿನಲ್ಲಿ ಒಂದಿಷ್ಟು ಮಲಗು, ಹೀಗೇ ದುರ್ಗ ಮುಟ್ಟೋಣ ಎಂದು ನನ್ನ ಲೆಕ್ಕಾಚಾರ.

ಮೊದಲ ಸವಾರಿ ಗುಬ್ಬಿಯವರೆಗೆ. ಟ್ರೇಲರಿನಲ್ಲಿ ಬುತ್ತಿಯ ಜೊತೆ ಒಂದು ಪಾತ್ರೆ ಮೊಸರಿತ್ತು. ಗುಬ್ಬಿಯಲ್ಲಿ ಮುಚ್ಚಳ ತೆಗೆದರೆ ಮೊಸರಿಲ್ಲ! ಮೇಲೆ ಬೆಣ್ಣೆ, ಕೆಳಗೆ ಮಜ್ಜಿಗೆ. ಗಾಡಿ ಕುಣಿದು ಕುಣಿದು ಜೀಪನ್ನೂ ಹಿಂದಿನಿಂದ ಗುದ್ದಿತ್ತು. ಮಂಗಳ ಸೊಂಟ ಹಿಡಿದುಕೊಂಡೇ ಇಳಿದಳು.

"ರೀ, ಇದು ಗಾಡಿಯಲ್ಲ, ಕಡಗೋಲು. ಮೊಸರು ಕದಡದಂಗೆ ದುರ್ಗಕ್ಕೆ ಮುಟ್ಟುಸ್ತೀನಿ ಅಂತ ಧೈರ್ಯ ಬಂದ್ರೆ ಕರೀರಿ. ಇಲ್ದಿದ್ರೆ ಈ ಡಬ್ಬಾನ ಗೋಬಿಯೋರಿಗೇ ಕೊಟ್ಬಿಡಿ. ನಾನಿನ್ನು ಎಲ್ಲಿಗೂ ಬರಲ್ಲ."

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಅಂತರಸನಹಳ್ಳಿಯಲ್ಲಿ ಪಾಷಣ್ಣ ಎಂಬ ಮೆಕ್ಯಾನಿಕ್ ಇದ್ದಾರೆ. ಗಾಡಿಯ ಕೆಳಗೆ ತಲೆ ತೂರಿಸಿ ಅವರು ನಕ್ಕರು. ಅಚ್ಚಿನ ಮೇಲೆ ಒಂದರ ಮೇಲೊಂದು ಕೂರುವ ಬಾಗಿದ ಪಟ್ಟಿಗಳಿಗೆ ಕಮಾನು ಎನ್ನುತ್ತಾರೆ. ನನ್ನ ಗಾಡಿ ಕಟ್ಟಿದವರು ರಾಗಿ ಮೂಟೆ ಹೊರುವ ಟ್ರ್ಯಾಕ್ಟರ್ ಟ್ರೇಲರಿನ ಕಮಾನನ್ನೇ ಜಡಿದಿದ್ದರು. "ಮೆತ್ತಗಿರೋ ಕಮಾನ್ ಹಾಕಿ ಶಾಕ್ ಅಬ್ಸಾರ್ಬರ್ ಕೂರುಸ್ತೀನಿ. ಆದ್ರೆ ಮಡ್‌ಗಾರ್ಡ್ ಎತ್ತುಸ್ಬೇಕು ಸಾರ್. ಟೈರಿಗೂ ಅದಕ್ಕೂ ಮಧ್ಯ ನಾಕ್ ಬೆಳ್ಳು ಜಾಗ ಇರ್ಲಿ" ಎಂದರು.

ಕಮಾನು ಬದಲಾಯಿತು. ಅವರ ವೆಲ್ಡಿಂಗಿನವರು ರಜೆ ಹಾಕಿದ್ದರಿಂದ, ಅವಸರದ ನಾನು ಮಡ್‌ಗಾರ್ಡಿನ ಕೆಲಸವನ್ನು ಶಿರಾ ಗೇಟಿನ ಅಂಗಡಿಯೊಂದರಲ್ಲಿ ಮಾಡಿಸಿದೆ. ಟೈರಿನ ಮೇಲೆ ನನ್ನ ನಾಲ್ಕು ಬೆರಳನ್ನು ನೀಟಾಗಿ ಜೋಡಿಸಿಟ್ಟು, "ಇಷ್ಟು" ಎಂದೆ.

ಈ ಬೆರಳು, ಗೇಣು, ಮೊಳಗಳ ಅಳತೆಯಲ್ಲಿ ಒಂದು ಮಜಾ ಇದೆ. ಟೇಪನ್ನು ಮನೆಯಲ್ಲಿ ಮರೆತು ಬರಬಹುದು, ಕೈಯನ್ನು ಮರೆಯಲಾಗುವುದಿಲ್ಲ. ತೊಂದರೆ ಒಂದೇ, ಯಾರ ಕೈ ಎಂಬುದು. ಹೂವು ಕೊಳ್ಳುವಾಗ ಮಾರುವಾಕೆಯ ಮೊಳವನ್ನು ಅನುಮಾನದಿಂದ ನೋಡುವ ನಾನು, ನನ್ನ ಬೆರಳನ್ನು ಮಾತ್ರ ಅನುಮಾನಿಸಲಿಲ್ಲ ನೋಡಿ.

ಮಂಗಳಳಿಗೆ ಹೇಳದೆ ಒಬ್ಬನೇ ಪರೀಕ್ಷೆಗೆ ಹೊರಟೆ. ಹಾಸಿಗೆ, ನೀರಿನ ಕ್ಯಾನು, ಸಿಲಿಂಡರು ಎಲ್ಲ ತುಂಬಿದ್ದೆ. ಗಾಡಿ ತೇಲಿಕೊಂಡು ಬರುತ್ತಿತ್ತು, ನಾನು ಶಿಳ್ಳೆ ಹಾಕುತ್ತಿದ್ದೆ. ಹೆಬ್ಬೂರು ಇನ್ನೂ ದೂರವಿರುವಾಗ ಒಂದು ಹಂಪು ಬಂತು. ಕರ್ರ್ ಎಂದಿತು. ಇನ್ನೊಂದು ಹಂಪಿಗೆ ಹೊಗೆಯೇ ಬಂತು. ಇಳಿದು ನೋಡಿದರೆ ಮಡ್‌ಗಾರ್ಡು ಟೈರನ್ನು ಸೌತೆಕಾಯಿ ಹೆರೆದಂತೆ ಹೆರೆದಿತ್ತು. ಫೋನು ಮಾಡಿದ ಮೇಲೆ ಪಾಷಣ್ಣ ಸ್ಕೂಟರಿನಲ್ಲಿ ಬಂದರು. ಸಂದಿಗೆ ಕೈ ಹಾಕಿದರು. ಅವರ ಒಂದು ಬೆರಳು ಕಷ್ಟಪಟ್ಟು ಹೋಯಿತು.

"ಇದು ಯಾರ್ ಬೆಳ್ಳು ಸಾರ್?"

"ನಂದೇ."

ನನ್ನ ಕೈಯನ್ನು ಹಿಡಿದು ಮರುಕದಿಂದ ನೋಡಿದರು. "ಇದು ಚಾಕ್‌ಪೀಸ್ ಹಿಡ್ಯೋ ಬೆಳ್ಳು. ಅದೂ ಖಾಲಿ ಗಾಡೀಲಿ ಅಳ್ದ್ರಾ?"

"ಹೂಂ."

"ಅಯ್ಯೋ ನಿಮ್ಮ! ಗಟ್ಟಿ ಕಮಾನು ಅಲ್ಲಾಡಲ್ಲ, ಅದಕ್ಕೆ ಜಾಗ ಇಲ್ದಿದ್ರೂ ನಡೀತದೆ. ಮೆತ್ತಗಿರೋದು ಮೇಲೆ ಕೆಳಗೆ ಆಡ್ತದೆ ಸಾರ್. ಅದಕ್ಕೆ ಜಾಗ ಬುಡ್ಬೇಕು."

ರಸ್ತೆ ಬದಿಯಲ್ಲಿ ನಿಂತು ನಾನು ನಾಚಿದೆ. ಫಿಸಿಕ್ಸಿಗಷ್ಟೇ ಅಲ್ಲ. ನಿವೃತ್ತಿಯಾದಂದಿನಿಂದ ನಾನು ಮನೆಯಲ್ಲಿ ಬಲು ಮೆತ್ತಗಾಗಿದ್ದೇನೆ. ಕಾಲೇಜಿನ ದಿನಗಳ ಸಿಡುಕು ಹೋಗಿ, "ನೋವಿದೆಯಾ? ಬಗ್ಗಬೇಡ, ಎತ್ತಬೇಡ, ಮಲಗು" ಎಂದು ಮಂಗಳಳ ಬೆನ್ನ ಹಿಂದೆಯೇ ಸುತ್ತುತ್ತೇನೆ. ಅವಳು ಯಾಕೆ ರೇಗುತ್ತಾಳೋ ಎಂದುಕೊಂಡಿದ್ದೆ. ಮೆತ್ತಗಾದೆನೇ ಹೊರತು ಅವಳಿಗೆ ಜಾಗ ಬಿಟ್ಟಿರಲಿಲ್ಲ. ನಮ್ಮ ಅಡುಗೆಮನೆಯಲ್ಲೂ ಇದೇ ಕರ್ರ್ ಸದ್ದು ಎಷ್ಟು ದಿನದಿಂದ ಆಗುತ್ತಿತ್ತೋ ಏನೋ.

ಈ ಸಲ ಸಾಮಾನೆಲ್ಲ ತುಂಬಿಸಿ, ಮಂಗಳಳನ್ನೂ ನಿಂತ ಗಾಡಿಯ ಮಂಚದ ಮೇಲೆ ಕೂರಿಸಿ, ಪಾಷಣ್ಣ ತಮ್ಮ ದಪ್ಪ ಬೆರಳಿನಲ್ಲೇ ಅಳೆದು ಮಡ್‌ಗಾರ್ಡನ್ನು ಎತ್ತರಿಸಿದರು. "ಆಯ್ತಾ? ನಾನೇನ್ ತೂಕದ ಕಲ್ಲಾ?" ಎಂದು ಅವಳು ಕಿಟಕಿಯಿಂದ ಗದರಿದಳು. ಆದರೆ ಇಳಿಯಲು ಅವಸರ ಮಾಡಲಿಲ್ಲ.

ಮುಂದಿನ ಭಾನುವಾರ ಮೂರು ಕಡೆ ನಿಲ್ಲಿಸಿ, ಮೂರು ಸಲ ಮಲಗಿಸಿ, ಹುಲಿಯೂರುದುರ್ಗ ಮುಟ್ಟಿದೆವು. ದಾರಿಯಲ್ಲಿ "ನೋವಿದೆಯಾ?" ಎಂದು ನಾನು ಒಂದೇ ಸಲ ಕೇಳಿದೆ. ಅಕ್ಕ ಮಂಡಿ ಮರೆತು ಬೀದಿಗೇ ಬಂದರು. ಇಬ್ಬರೂ ಕೈ ಹಿಡಿದುಕೊಂಡು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಒಳಗೆ ಹೋದರು. ನಾನು ಟ್ರೇಲರಿನಲ್ಲಿ ಈ ಸಲವೂ ತಂದಿದ್ದ ಮೊಸರಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿದೆ. ಬೆಣ್ಣೆಯೇನೂ ಇರಲಿಲ್ಲ. ಆದರೆ ಮೊಸರು ನಡುವೆ ಬಿರುಕು ಬಿಟ್ಟು, ಅಂಚಿನಲ್ಲಿ ನೀರೊಡೆದಿತ್ತು. ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವ ನೆಪದಲ್ಲಿ ಹೊರಗೆ ಬಂದುಬಿಟ್ಟೆ.

ವಾಪಸು ಹೋದಾಗ ಮಂಗಳ ನಿಂತುಕೊಂಡು ಸೌಟಿನಲ್ಲಿ ಮೊಸರು ಕಲಸುತ್ತಿದ್ದಳು.

"ಮೊಸರು ಹೆಂಗಿತ್ತೇ?" ಎಂದೆ, ಏನೂ ಅರಿಯದವನಂತೆ.

"ಕಲ್ಲಿನಂಗೆ ಕೂತಿತ್ತು ಕಣ್ರೀ. ಅಕ್ಕಂಗೆ ಮಜ್ಜಿಗೆ ಬೇಕಂತೆ, ಅದಕ್ಕೆ ನಾನೇ ಕಲಸ್ದೆ."

"ನಾನ್ಯಾವಾಗ್ ಕೇಳ್ದೆನೇ ಮಜ್ಜಿಗೇನ?" ಎಂದರು ಅಕ್ಕ.

ಮಂಗಳ ಅಕ್ಕನ ಕಾಲು ತುಳಿದದ್ದು ನನಗೆ ಕಂಡಿತು. ನಾನು ಎರಡು ಲೋಟ ಮಜ್ಜಿಗೆ ಕುಡಿದೆ. ಅವಳು ನನಗೆ ಬಿಟ್ಟ ಜಾಗ ಎಷ್ಟು ಬೆರಳಿನದು ಎಂದು ಅಳೆಯಲು ಮಾತ್ರ ಹೋಗಲಿಲ್ಲ.