ಅವನು ಹೊರಟರೆ ಟೆಂಪೋ, ಅವಳು ಹೊರಟರೆ ಪಂಚಾಯ್ತಿ

ಟೆಂಪೋ ಲೋಡಾಗಿತ್ತು. ಬೀರು, ಮಂಚ, ಗ್ರೈಂಡರು, ಗ್ಯಾಸ್ ಸಿಲಿಂಡರು, ಎಲ್ಲದರ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಹಗ್ಗ ಬಿಗಿದಾಗಿತ್ತು. ಡ್ರೈವರ್ ಪಕ್ಕದ ಸೀಟಿನಲ್ಲಿ ಮನೆಯ ಹಿರಿಯಮ್ಮ ದೇವರ ಫೋಟೋಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಎಂಜಿನ್ ಸ್ಟಾರ್ಟ್ ಆಯಿತು.

ಆಗ ನನ್ನ ನಾದಿನಿ ಭಾಗ್ಯ ಜಗಲಿಯ ಮೇಲೆ ನಿಂತು ಹೇಳಿದಳು. "ನಾನು ಬರಲ್ಲ."

ಇದು ನಡೆದದ್ದು ಚನ್ನಪಟ್ಟಣದಲ್ಲಿ, ಎರಡು ವಾರದ ಹಿಂದಿನ ಭಾನುವಾರ. ಆವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ. (ಇಳಿದ ಮೇಲೆ ಬರೆದರೆ ಎಲ್ಲರದ್ದೂ ಸರಿ ಅನ್ನಿಸಿಬಿಡುತ್ತದೆ. ಆ ಕಾಯಿಲೆ ನಮ್ಮ ಮನೆಯಲ್ಲಿ ಈಗಾಗಲೇ ಒಬ್ಬರಿಗಿದೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.)

ಭಾಗ್ಯ ನನ್ನ ಗಂಡನ ತಂಗಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವಲ್ಲ, ಆಗ ಅಲ್ಲೊಂದು ಕಡೆ ಕೆಲಸಕ್ಕೆ ಸೇರಿದಳು. ಕಾರಿನೊಳಗೆ ಹಾಕುವ ವೈರುಗಳನ್ನು ಜೋಡಿಸುವ ಕಂಪನಿ. ಲೈನಿನಲ್ಲಿ ನಿಂತು ವೈರು ಜೋಡಿಸುವವಳಾಗಿ ಒಳಗೆ ಹೋದವಳು ಕೊನೆಗೆ ಆ ಲೈನಿಗೇ ಇನ್‌ಚಾರ್ಜ್ ಆದಳು. ಬೆಳಗಿನ ಶಿಫ್ಟ್ ಇದ್ದರೆ ಕೋಳಿ ಕೂಗುವ ಮೊದಲೇ ಎದ್ದು, ಅಡುಗೆ ಮಾಡಿಟ್ಟು, ಮಗಳ ಜಡೆ ಹೆಣೆದು, ಮೈನ್ ರೋಡಿಗೆ ಓಡಿ ಕಂಪನಿ ಬಸ್ಸು ಹಿಡಿಯುತ್ತಾಳೆ.

ಒಂದು ವರ್ಷದ ಹಿಂದೆ ಅದೇ ಕಂಪನಿ ಪುಣೆಯ ಹತ್ತಿರ ಹೊಸ ಘಟಕ ಶುರುಮಾಡಿತು. ಭಾಗ್ಯನನ್ನು ಕರೆದು, "ನೀವು ಹೋಗಿ ಅಲ್ಲಿನ ಹೊಸ ಹುಡುಗಿಯರನ್ನು ತಯಾರು ಮಾಡಿ, ಇಡೀ ಸೆಕ್ಷನ್ ನಿಮ್ಮ ಕೈಗೇ ಕೊಡ್ತೀವಿ" ಅಂದರು. ಇರಲು ಕ್ವಾರ್ಟರ್ಸ್, ಮಗಳಿಗೆ ಶಾಲೆ, ಎಲ್ಲ ಕಂಪನಿಯದೇ. ಆವತ್ತು ಸಂಜೆ ಭಾಗ್ಯ ನನಗೆ ಫೋನ್ ಮಾಡಿದಳು. "ಅತ್ತಿಗೆ, ನಾನೇ ಬೇಕು ಅಂತ ಕೇಳವ್ರೆ!" ಅಂದಳು. ಅವಳ ಮದುವೆ ಗೊತ್ತಾದಾಗಲೂ ಆ ದನಿಯಲ್ಲಿ ಅಷ್ಟು ಖುಷಿ ಇರಲಿಲ್ಲ.

ಮುಂದಿನ ಭಾನುವಾರ ನಮಗೆ ಕರೆ ಬಂತು. ಮನೆಯಲ್ಲಿ ಸಭೆ.

ನಾವು ರಾಮನಗರದವರು. ನಾನು, ನಮ್ಮ ಮನೆಯವರು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆವು. ಭಾಗ್ಯನ ಅತ್ತೆ ಪುಟ್ಟತಾಯಮ್ಮ ಗೋಡೆಗೆ ಒರಗಿ ಕೂತಿದ್ದರು. ಕುರ್ಚಿಯಲ್ಲಿ ಅವರ ತಮ್ಮ ತಮ್ಮಣ್ಣನವರು. ವಿರೂಪಾಕ್ಷಿಪುರದಲ್ಲಿ ಜಮೀನು, ತೋಟ ಇರುವವರು. ಆ ಮನೆಯ ಯಾವುದೇ ತೀರ್ಮಾನಕ್ಕೂ ಅವರೇ ಜಡ್ಜು. ಪಕ್ಕದಲ್ಲಿ ಭಾಗ್ಯನ ಗಂಡ ಮಹೇಶ. ಮೈನ್ ರೋಡಿನಲ್ಲಿ ಮೊಬೈಲು, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಒಳ್ಳೆಯ ಹುಡುಗ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಗಟ್ಟಿಯಾಗಿ ಮಾತೂ ಆಡುವುದಿಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಭಾಗ್ಯ? ಅವಳು ಕಾಫಿ ಮಾಡುತ್ತಿದ್ದಳು.

"ಪ್ರೋಸ್ ಅಂಡ್ ಕಾನ್ಸ್ ಎರಡೂ ನೋಡ್ಬೇಕಲ್ವಾ ಅಕ್ಕ" ಅಂದ ಮಹೇಶ. "ಸುಮ್ನೆ ಹೊಂಟ್‌ಬುಡಕಾಯ್ತದಾ?"

ಸರಿಯಾದ ಮಾತು. ಊರು ಬದಲಾಯಿಸುವುದು ಅಂಗಿ ಬದಲಾಯಿಸಿದ ಹಾಗಲ್ಲ. ಹೊಸ ಊರಿನಲ್ಲಿ ಬೀಗದ ಕೈ ಯಾರ ಮನೆಯಲ್ಲಿ ಕೊಡಬೇಕು, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರ ಬಾಗಿಲು ತಟ್ಟಬೇಕು, ನೀರು ಬಾರದಿದ್ದರೆ ಯಾರನ್ನು ಬೈಯಬೇಕು, ಎಲ್ಲ ಮೊದಲಿನಿಂದ ಕಲಿಯಬೇಕು. ಹಾಗಾಗಿ ತೂಗಲಿ ಅಂತ ನಾನೂ ಸುಮ್ಮನೆ ಕೂತೆ.

ತೂಗಿದರು. ಲಾಭದ ಕಡೆ ಒಂದೆರಡು ಮಾತು ಬಿತ್ತು. ದೊಡ್ಡ ಹುದ್ದೆ, ಕ್ವಾರ್ಟರ್ಸ್. ಅಷ್ಟಾದ ಮೇಲೆ ನಷ್ಟ ಶುರುವಾಯಿತು.

"ಅಲ್ಲ ಕಣವ್ವ, ಅದೇನ್ ಊರು ಅದು? ನಮ್ ಮಾತು ಅವ್ರಿಗೆ ತಿಳಿಯಾಕಿಲ್ಲ, ಅವ್ರ ಮಾತು ನಮಗೆ ತಿಳಿಯಾಕಿಲ್ಲ" ಅಂದರು ತಮ್ಮಣ್ಣನವರು. "ರಾಗೀನೂ ಸಿಕ್ಕಾಕಿಲ್ವಂತೆ. ಜೋಳದ ರೊಟ್ಟಿ ತಿಂದ್ಕಂಡು ಎಷ್ಟು ದಿನ ಇರಾಕಾಯ್ತದೆ?" (ಪುಣೆಗೆ ಹೋಗುವವರಲ್ಲಿ ತಮ್ಮಣ್ಣನವರು ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.)

ಪುಟ್ಟತಾಯಮ್ಮನವರ ಅಹವಾಲು ಬೇರೆ. "ನಂಗೆ ಬಿಪಿ ಐತೆ. ಈ ವಯಸ್ಸಲ್ಲಿ ಊರು ಬುಟ್ಟು ನಾನೆಲ್ಲಿ ಬರ್ಲಿ? ನೀರು ಬದ್ಲಾದ್ರೆ ನನ್ ಮೈಗೆ ಆಗಾಕಿಲ್ಲ."

ಮಹೇಶನಿಗೆ ಮಗಳ ಚಿಂತೆ. "ಚಂದನಾಗೆ ಮಧ್ಯದಲ್ಲಿ ಸ್ಕೂಲು ಬದ್ಲಾಯ್ಸಿದ್ರೆ ಮಗು ಮನಸ್ಸಿಗೆ ಏಟು ಬೀಳ್ತದೆ. ನನ್ ಅಂಗಡಿ ಬೇರೆ ಐತೆ."

ಕೊನೆಗೆ ತಮ್ಮಣ್ಣನವರು ನಿಜವಾದ ಕಲ್ಲನ್ನೇ ತಕ್ಕಡಿಗೆ ಹಾಕಿದರು. "ಹೆಂಡ್ತಿ ಕೆಲ್ಸಕ್ಕೆ ಗಂಡ ಹಿಂದಿಂದೆ ಗಂಟು ಹೊತ್ಕಂಡು ಹೋದ ಅಂತಾರಲ್ಲವ್ವ ಜನ. ಅದ್ಕೇನ್ ಹೇಳಾದು?"

ನನಗೆ ತಡೆಯಲಾಗಲಿಲ್ಲ. "ಭಾಗ್ಯ ಏನಂತಾಳೆ ಅಂತ ಯಾರಾದರೂ ಕೇಳಿದ್ರಾ ಮಾವ?"

ಅವರಿಗೆ ಆಶ್ಚರ್ಯವೇ ಆಯಿತು. "ಅವಳದೇನವ್ವ? ಹೊಯ್ತೀನಿ ಅಂತಾವ್ಳೆ. ಅದ್ಕೇ ಅಲ್ವಾ ನಾವು ಕೂತಿರಾದು?"

ಗಮನಿಸಿದಿರಾ? ಅವಳ ಅಭಿಪ್ರಾಯ ತಕ್ಕಡಿಗೆ ಹಾಕುವ ಸಾಮಾನಲ್ಲ. ತಕ್ಕಡಿ ಹೊರಗೆ ತರಲು ಅದು ಕಾರಣ, ಅಷ್ಟೆ.

ಆಮೇಲೆ ತವರಿನ ಕಡೆಯ ಸರದಿ. ಎಲ್ಲರೂ ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ಹೈಸ್ಕೂಲ್ ಮೇಷ್ಟ್ರು. ತರಗತಿಯಲ್ಲಿ ಸಮಾನತೆಯ ಪಾಠ ಮಾಡುವವರು. ಭಾಗ್ಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅಣ್ಣನನ್ನೇ ನೋಡುತ್ತಿದ್ದಳು.

"ನೀವು ದೊಡ್ಡವರು ಹೇಗೆ ಹೇಳಿದರೆ ಹಾಗೆ" ಅಂದರು ಅಣ್ಣ.

ಭಾಗ್ಯ ತಟ್ಟೆ ಇಟ್ಟು ಒಳಗೆ ಹೋದಳು. ತೀರ್ಪು ಮುಗಿಯಿತು.

ಬಸ್ಸಿನಲ್ಲಿ ರಾಮನಗರ ಬರುವ ತನಕ ನಾನು ಜಗಳವಾಡಿದೆ. "ಅವಳ ಗಂಡನ ಮನೆ ವಿಷಯಕ್ಕೆ ನಾನು ತಲೆ ಹಾಕಬಾರದು ಕಣೇ" ಅಂದರು. ಹಾಗಾದರೆ ನಿಮ್ಮನ್ನು ಯಾಕೆ ಕರೆದರು ಅಂದೆ. "ಕರೀಬೇಕಲ್ಲ, ಅದಕ್ಕೆ ಕರೆದರು" ಅಂದರು. (ಎಲ್ಲರದ್ದೂ ಸರಿ ಅನ್ನಿಸುವ ಕಾಯಿಲೆ ಯಾರಿಗೆ ಅಂತ ಈಗ ಗೊತ್ತಾಯಿತಲ್ಲ?)

ಭಾಗ್ಯ ಕಂಪನಿಗೆ ಹೋಗಿ, ಮನೆಯಲ್ಲಿ ಅನುಕೂಲವಿಲ್ಲ ಅಂದಳು. ಅವಳ ಕೈಕೆಳಗೆ ಕೆಲಸ ಕಲಿತ ಮಂಡ್ಯದ ಕಡೆಯ ಹುಡುಗನೊಬ್ಬ ಪುಣೆಗೆ ಹೋದ. ಅವನ ಮನೆಯಲ್ಲಿ ಯಾವ ಸಭೆಯೂ ಕೂರಲಿಲ್ಲವಂತೆ. ಅವನು ಹೆಂಡತಿಗೆ ಫೋನ್ ಮಾಡಿ ಹೇಳಿದ, ಅವಳು ಪಾತ್ರೆ ಕಟ್ಟಿದಳು. ರಾಗಿಯ ಬಗ್ಗೆ ಆ ಹೆಂಗಸಿನ ಅಭಿಪ್ರಾಯ ಇಂದಿಗೂ ಯಾರಿಗೂ ಗೊತ್ತಿಲ್ಲ.

ಆವತ್ತು ನನಗೆ ನನ್ನದೇ ಕಥೆ ನೆನಪಾಯಿತು. ನಾನು ಕುದೂರಿನವಳು. ಮದುವೆಗೆ ಮೊದಲು ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ನನ್ನ ಮದುವೆಯ ಮಾತುಕತೆಯಲ್ಲಿ ಜಾತಕ ತೂಗಿದರು, ಮನೆತನ ತೂಗಿದರು, ಒಡವೆಯನ್ನಂತೂ ಅಂಗಡಿಗೇ ಹೋಗಿ ತೂಗಿದರು. ಊರನ್ನು ಯಾರೂ ತೂಗಲಿಲ್ಲ. ಈ ಹುಡುಗಿ ತನ್ನ ಊರು, ಕೆಲಸ, ಗೆಳತಿಯರು ಎಲ್ಲ ಬಿಟ್ಟು ಹೋಗುತ್ತಿದ್ದಾಳೆ, ಅಲ್ಲಿನ ನೀರು ಇವಳ ಮೈಗೆ ಒಗ್ಗುತ್ತದೋ ಇಲ್ಲವೋ, ಮನಸ್ಸಿಗೆ ಏಟು ಬೀಳುತ್ತದೋ ಏನೋ ಅಂತ ಯಾರಾದರೂ ಕೇಳಿದರಾ? ನಿಮ್ಮ ಮನೆಯಲ್ಲಿ ಕೇಳಿದ್ದರಾ? ಈ ನಾಡಿನ ಹೆಣ್ಣುಮಕ್ಕಳೆಲ್ಲ ಒಮ್ಮೆ ಊರು ಬದಲಾಯಿಸಿದವರೇ. ಅದಕ್ಕೆ ನಾವು ಕಾನ್ಸ್ ನೋಡುವುದಿಲ್ಲ. ಅದಕ್ಕೆ ಓಲಗ ಊದಿಸುತ್ತೇವೆ.

ಇರಲಿ. ಈ ವರ್ಷಕ್ಕೆ ಬರುತ್ತೇನೆ.

ಮೈಸೂರು ರಸ್ತೆ ಅಗಲವಾಯಿತಲ್ಲ, ಅದರಲ್ಲಿ ಮಹೇಶನ ಅಂಗಡಿಯ ಮುಂಭಾಗ ಹೋಯಿತು. ಉಳಿದದ್ದರಲ್ಲಿ ಜೆರಾಕ್ಸ್ ಮೆಷಿನ್ ಇಟ್ಟರೆ ಗಿರಾಕಿ ರಸ್ತೆಯಲ್ಲಿ ನಿಲ್ಲಬೇಕು. ಪಾಪ, ಅವನಿಗೆ ಕಷ್ಟವೇ ಆಯಿತು, ನಾನು ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ಮೈಸೂರಿನ ಗೆಳೆಯನೊಬ್ಬ, ಮೊಬೈಲ್ ಅಂಗಡಿಗೆ ಪಾರ್ಟ್‌ನರ್ ಆಗು ಬಾ ಅಂದ. ಮಹೇಶ ಬೆಳಗ್ಗೆ ಹೋದ, ನೋಡಿದ, ಬಾಡಿಗೆ ಮನೆಗೆ ಅಡ್ವಾನ್ಸೂ ಕೊಟ್ಟು ಸಂಜೆಗೆ ವಾಪಸ್ ಬಂದ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಮುಂದಿನ ತಿಂಗ್ಳು ಮೈಸೂರಿಗೆ ಹೊಯ್ತಾ ಇದೀವಿ."

"ನನ್ನ ಕೆಲಸ?" ಅಂದಳಂತೆ ಭಾಗ್ಯ.

"ಅಲ್ಲೂ ಫ್ಯಾಕ್ಟ್ರಿಗಳು ಅವೆಯಲ್ಲ. ನೋಡುವ ಬುಡು."

ಮುಗಿಯಿತು. ಸಭೆ ಇಲ್ಲ. ನಮಗೆ ಕರೆಯಿಲ್ಲ. ತಮ್ಮಣ್ಣನವರು ಕುರ್ಚಿಯಲ್ಲಿ ಕೂರಲಿಲ್ಲ, ಬದಲಿಗೆ ವಿರೂಪಾಕ್ಷಿಪುರದಿಂದ ತರಕಾರಿ ಸಾಗಿಸುವ ಟೆಂಪೋ ಕಳಿಸಿಕೊಟ್ಟರು, ಹಿಂದೆಯೇ ತಾವೂ ಬಂದರು. ನೀರು ಬದಲಾದರೆ ಮೈಗಾಗದ ಪುಟ್ಟತಾಯಮ್ಮ ಎಲ್ಲರಿಗಿಂತ ಮೊದಲು ಟೆಂಪೋ ಹತ್ತಿದ್ದರು. ಮಗುವಿನ ಮನಸ್ಸು? "ಮಕ್ಳು ಬೇಗ ಒಗ್ಗೋಗ್ತವೆ ಅಕ್ಕ" ಅಂದ ಮಹೇಶ, ಮಂಚದ ಕಾಲು ಬಿಚ್ಚುತ್ತಾ. ಮೈಸೂರು ಪುಣೆಯಲ್ಲ, ಒಪ್ಪಿದೆ. ಅಲ್ಲಿ ಕನ್ನಡವಿದೆ, ರಾಗಿಯೂ ಇದೆ. ಆದರೆ ಬೆಳಗಿನ ಶಿಫ್ಟಿಗೆ ಬಿಡದಿಗೆ ಕರೆದೊಯ್ಯುವ ಕಂಪನಿ ಬಸ್ಸು ಅಲ್ಲಿಗೆ ಬರುವುದಿಲ್ಲ. ಇದು ಯಾರ ನಷ್ಟ? ಯಾರೂ ತೂಗಲಿಲ್ಲ.

ಸಾಮಾನು ಸಾಗಿಸಲು ಕೈಜೋಡಿಸೋಣ ಅಂತ ಹೋದವರು ನಾವು. ಆಗಲೇ ಭಾಗ್ಯ ಜಗಲಿಯಿಂದ ಆ ಮಾತು ಹೇಳಿದ್ದು. ಅವಳ ಕಾಲ ಬಳಿ ಒಂದು ಸೂಟ್‌ಕೇಸು, ಮಗಳ ಸ್ಕೂಲ್ ಬ್ಯಾಗು. ಅವೆರಡನ್ನು ಲೋಡ್ ಮಾಡಲು ಅವಳು ಬಿಟ್ಟಿರಲಿಲ್ಲ ಅನ್ನುವುದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ.

"ಬರಲ್ಲ ಅಂದ್ರೆ?" ಮಹೇಶ ಹಗ್ಗ ಹಿಡಿದುಕೊಂಡೇ ನಿಂತ.

"ನಾನು ರಾಜೀನಾಮೆ ಕೊಟ್ಟಿಲ್ಲ. ಕೊಡಲ್ಲ. ನಿಮಗೆ ಅಲ್ಲಿ ಒಳ್ಳೇದಾಗ್ತದೆ ಅಂದ್ರೆ ಹೋಗಿ, ನಾನು ಬ್ಯಾಡ ಅನ್ನಲ್ಲ. ಶನಿವಾರ ಶಿಫ್ಟ್ ಮುಗಿಸ್ಕಂಡು ಮಗು ಕರ್ಕಂಡು ಬತ್ತೀನಿ. ಸೋಮವಾರಕ್ಕೆ ವಾಪಸ್ ಬಂದ್ಬುಡ್ತೀನಿ."

ಬೀದಿಯಲ್ಲಿ ಜನ ಸೇರಿದರು. ಪುಟ್ಟತಾಯಮ್ಮ ಟೆಂಪೋದ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕರೆದರು. "ನೀನಾದ್ರೂ ಒಸಿ ಹೇಳವ್ವ ಅವಳಿಗೆ!"

ತಮ್ಮಣ್ಣನವರು ಡ್ರೈವರಿಗೆ ಸನ್ನೆ ಮಾಡಿದರು. ಎಂಜಿನ್ ನಿಂತಿತು. "ಕೂತ್ಕಳಿ ಎಲ್ರೂ. ಹಿಂಗೆಲ್ಲ ಬೀದೀಲಿ ಆಗಾಕಿಲ್ಲ. ಕೂತು ಒಳ್ಳೇದು ಕೆಟ್ಟದ್ದು ಮಾತಾಡಾಣ."

ನೋಡಿದಿರಾ? ಇಷ್ಟು ದಿನ ಅಟ್ಟದ ಮೇಲಿದ್ದ ತಕ್ಕಡಿ ಕ್ಷಣದಲ್ಲಿ ಕೆಳಗಿಳಿಯಿತು. ಕೂರಲು ಕುರ್ಚಿಯೂ ಇಲ್ಲ, ಎಲ್ಲ ಟೆಂಪೋ ಮೇಲಿವೆ. ಆದರೂ ಸಭೆ ಕೂರಬೇಕು.

ನಾನು ದನಿ ಎತ್ತಿದೆ. ಹಿರಿಯರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಮಾವ, ಎಂಜಿನ್ ಆನ್ ಮಾಡ್ಸಿ. ಮಹೇಶ ಹೊರಟಾಗ ಯಾರೂ ಕೂರಲಿಲ್ಲ. ಇವಳು ಉಳಿದಾಗಲೂ ಯಾರೂ ಕೂರೋದು ಬೇಡ."

"ಗಂಡನ್ನ ಬುಟ್ಟು ಎಲ್ಲಿರ್ತಾಳವ್ವ?" ಅಂದರು ತಮ್ಮಣ್ಣನವರು.

ಭಾಗ್ಯ ಅಣ್ಣನ ಕಡೆ ತಿರುಗಿದಳು. "ಅಣ್ಣಾ, ನಿಮ್ಮನೇಲಿ ಇರಬಹುದಾ?"

ನಮ್ಮ ಮನೆಯವರು ಕನ್ನಡಕ ತೆಗೆದರು, ಒರೆಸಿದರು. "ಮೊದಲು ಮಹೇಶನ ಹತ್ತಿರ ಕೂತು ಮಾತಾಡಿ..." ಎಂದು ಶುರುಮಾಡಿದರು.

ನಾನು ಜಗಲಿ ಹತ್ತಿ ಸೂಟ್‌ಕೇಸು ಎತ್ತಿಕೊಂಡೆ. "ಅದು ನನ್ನ ಮನೆಯೂ ಹೌದು. ನಡಿಯೇ ಭಾಗ್ಯ."

ಟೆಂಪೋ ಮೈಸೂರಿಗೆ ಹೋಯಿತು. ನಾವು ಮಗುವಿನ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದೆವು. ಭಾಗ್ಯ ದಾರಿಯುದ್ದಕ್ಕೂ ಅತ್ತಳು. ಗೆದ್ದವರ ಹಾಗೆ ಯಾರೂ ಕಾಣುತ್ತಿರಲಿಲ್ಲ.

ಈಗ ಭಾಗ್ಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಕಂಪನಿ ಬಸ್ಸು ರಾಮನಗರದಲ್ಲೂ ನಿಲ್ಲುತ್ತದೆ. ನಮ್ಮ ಮನೆಯವರ ಹೈಸ್ಕೂಲು ಇರುವುದು ಚನ್ನಪಟ್ಟಣದಲ್ಲೇ. ಚಂದನಾಳನ್ನು ಅವಳ ಹಳೇ ಶಾಲೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಅಷ್ಟರಿಂದ ನನ್ನ ಸಿಟ್ಟು ಕರಗುವುದಿಲ್ಲ ಅನ್ನುವುದು ಅವರಿಗೂ ಗೊತ್ತು.

ಮಹೇಶ ಮೊದಲೆರಡು ದಿನ ಮಾತಾಡಲಿಲ್ಲ. ಆಮೇಲೆ ಫೋನ್ ಮಾಡಿ, ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಅಂತ ಕೇಳಿದ. ಕಳೆದ ಶನಿವಾರ ಭಾಗ್ಯ ಮಗಳ ಜೊತೆ ರೈಲಿನಲ್ಲಿ ಹೋಗಿಬಂದಳು. ಸ್ಟೇಷನ್ನಿಗೆ ಬಂದಿದ್ದನಂತೆ. ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ, ಜಗಳವನ್ನೂ ಆಡಲಿಲ್ಲವಂತೆ. ಇದು ಹೀಗೇ ನಡೆಯುತ್ತದಾ? ಗೊತ್ತಿಲ್ಲ. ಗಂಡ ಹೆಂಡತಿ ಎರಡು ಊರಿನಲ್ಲಿರುವುದು ಸುಖವೇನಲ್ಲ. ಮಗು ನಿದ್ದೆಗಣ್ಣಲ್ಲಿ ಅಪ್ಪನನ್ನು ಕೇಳುತ್ತದೆ. ಅದೆಲ್ಲ ಭಾಗ್ಯನಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಅವಳೂ ತೂಗಿದ್ದಾಳೆ. ಒಬ್ಬಳೇ ಕೂತು, ತನ್ನದೇ ತಲೆಯಲ್ಲಿ.

ಆದರೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ವಿರೂಪಾಕ್ಷಿಪುರದಿಂದ, ಮರಳವಾಡಿಯಿಂದ, ಮಾಗಡಿಯಿಂದ, ಹೆಸರು ಕೇಳಿರದ ನೆಂಟರಿಂದ, ಕೊನೆಗೆ ಕುದೂರಿನ ನನ್ನ ಅಮ್ಮನಿಂದಲೂ ಒಂದೇ ಪ್ರಶ್ನೆ. "ಆ ಹುಡುಗೀನ ಗಂಡನ ತಾವ್ಕೆ ಯಾವಾಗ ಕಳಿಸ್ತೀರಿ?"

ಇವರಲ್ಲಿ ಒಬ್ಬರಾದರೂ ಮೈಸೂರಿಗೆ ಫೋನ್ ಮಾಡಿ, "ಮಹೇಶಪ್ಪ, ನೀನು ಹೆಂಡ್ತಿ ತಾವ್ಕೆ ಯಾವಾಗ ವಾಪಸ್ ಬತ್ತೀಯ?" ಅಂತ ಕೇಳಿದ್ದಾರಾ?