ಇಸ್ಪೀಟು ಕ್ಲಬ್ಬಿನ ತೆರಿಗೆ ಮತ್ತು ನನ್ನ ಶನಿವಾರ

ನನ್ನ ಗಂಡನನ್ನು ಆ ಕ್ಲಬ್ಬಿಗೆ ಅಟ್ಟಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮವರು ಮಂಡ್ಯ ಕಡೆಯವರು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಬಾಡೂಟ ಮುಗಿಸಿ ಇಸ್ಪೀಟು ಆಡದಿದ್ದರೆ ಅವರಿಗೆ ವರ್ಷ ಶುರುವಾಗುವುದೇ ಇಲ್ಲ. ಅಮೆರಿಕಕ್ಕೆ ಬಂದು ಎಲ್ ಸೆಗುಂಡೋದಲ್ಲಿ ವಿಮಾನ ಕಂಪನಿಯ ಎಂಜಿನಿಯರ್ ಆದಮೇಲೂ ಅದು ತಪ್ಪಲಿಲ್ಲ. ಎಪ್ಪತ್ತರ ದಶಕದ ಒಂದು ಹೊಸತೊಡಕಿನಲ್ಲಿ ಅವರೂ ನಾಲ್ವರು ಸ್ನೇಹಿತರೂ ನಮ್ಮ ಕಾರ್ಪೆಟ್ಟಿನ ಮೇಲೆ ಎಲೆ ಹರಡಿ ಕೂತಿದ್ದರು. ಐದನೇ ಸಲ ಕಾಫಿ ತಂದಿಟ್ಟಾಗಲೂ ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ನನಗೆ ರೇಗಿತು. "ರೀ, ಆಡೋದಿದ್ರೆ ಎಲ್ಲಾದ್ರೂ ಹೋಗಿ ಆಡ್ಕೊಳ್ಳಿ, ನನ್ನ ಮನೇಲಿ ಬೇಡ" ಎಂದೆ.

ಹೋದರು. ಊರಿನಲ್ಲಾದರೆ ಪೊಲೀಸರಿಗೆ ಹೆದರಿ ತೋಪಿನ ಮರೆಯಲ್ಲಿ ಕೂರಬೇಕಿತ್ತು. ಇಲ್ಲಿ ಮೂರು ಬ್ಲಾಕ್ ಆಚೆ, ಗ್ಯಾಸ್ ಸ್ಟೇಷನ್ನಿನ ಪಕ್ಕದಲ್ಲೇ, ಗೋಡೆಗೆ ಲೈಸೆನ್ಸ್ ತೂಗುಹಾಕಿಕೊಂಡ ಇಸ್ಪೀಟು ಕ್ಲಬ್ಬು ಇತ್ತು. ವರ್ಷಕ್ಕೊಂದು ದಿನದ ಆಟ ಪ್ರತಿ ಶನಿವಾರದ ಆಟವಾಯಿತು. ಇಬ್ಬರೂ ಕಾರಿನಲ್ಲಿ ಹರಟುತ್ತ ಆರ್ಟೀಸಿಯಾದ ಇಂಡಿಯನ್ ಅಂಗಡಿಗೆ ದಿನಸಿ ತರಲು ಹೋಗುತ್ತಿದ್ದ ಶನಿವಾರಗಳು ನಿಂತುಹೋದವು. ನನಗೆ ಬೇರೇನೂ ಬೇಕಿರಲಿಲ್ಲ, ಆ ಶನಿವಾರ ವಾಪಸ್ ಬೇಕಿತ್ತು.

ಅಷ್ಟರಲ್ಲಿ ಆಸ್ತಿ ತೆರಿಗೆ ಇಳಿದು ನಗರಸಭೆಯ ಕೈ ಖಾಲಿಯಾಯಿತು. ಲೈಬ್ರರಿಗೆ ಶನಿವಾರ ಬೀಗ ಬಿತ್ತು. ಊರಿನ ಇಸ್ಪೀಟು ಕ್ಲಬ್ಬುಗಳ ತೆರಿಗೆ ಏರಿಸಬೇಕೋ ಬೇಡವೋ ಎಂದು ಸಭೆ ಕರೆದರು. ಪಿಯಾನೋ ಕಲಿಸುತ್ತಿದ್ದ ಪಕ್ಕದ ಮನೆಯ ವಿಧವೆ ನನ್ನನ್ನು ತನ್ನ ಕಾರಿನಲ್ಲಿ ಕರೆದೊಯ್ದಳು. ಲೈಬ್ರರಿಯ ಚಿಂತೆ ಅವಳದು. ನನ್ನ ಲೆಕ್ಕಾಚಾರವೇ ಬೇರೆ: ತೆರಿಗೆಯ ಭಾರಕ್ಕೆ ಆ ಕ್ಲಬ್ಬು ಮುಚ್ಚಿಹೋಗಬೇಕು. ಸೀರೆಯ ಸೆರಗು ಬಿಗಿದುಕೊಂಡು ಮೈಕಿನ ಮುಂದೆ ನಿಂತೆ. "ಎರಡರಷ್ಟು ಮಾಡಿ, ಅದೂ ಸಾಲದಿದ್ದರೆ ನಾಲ್ಕರಷ್ಟು ಮಾಡಿ" ಎಂದು ನನ್ನ ಮೈಸೂರಿನ ಇಂಗ್ಲಿಷಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಇಷ್ಟು ಹೇರಿದರೆ ಊರು ಬಿಡಬೇಕಾಗುತ್ತದೆ ಎಂದು ಕ್ಲಬ್ಬಿನ ಯಜಮಾನ ಗೊಣಗಿದ. ತೊಲಗಲಿ ಪೀಡೆ ಎಂದುಕೊಂಡೆ.

ತೆರಿಗೆ ಏರಿತು, ಪೀಡೆ ತೊಲಗಲಿಲ್ಲ. ಆಡುವವರಿಂದ ಅರ್ಧ ಗಂಟೆಗೊಮ್ಮೆ ವಸೂಲು ಮಾಡುತ್ತಿದ್ದ ಸೀಟಿನ ಬಾಡಿಗೆಯನ್ನು ಯಜಮಾನ ಏರಿಸಿದ, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಮ್ಮವರು ಮೊದಲಿಗಿಂತ ಎರಡು ಗಂಟೆ ಹೆಚ್ಚೇ ಕೂರತೊಡಗಿದರು.

"ಸೀಟಿಗೇ ಅಷ್ಟು ಕೊಟ್ಮೇಲೆ ಸೋತ್ಕಂಡು ಎದ್ದು ಬರಕ್ಕಾಯ್ತದಾ, ನೀನೇ ಹೇಳು" ಎಂದರು. ಎಂಜಿನಿಯರ್ ಆಡುವ ಮಾತೇ ಇದು?

ಆ ತೆರಿಗೆಯ ದುಡ್ಡಿನಿಂದ ಲೈಬ್ರರಿ ಮಾತ್ರ ಮತ್ತೆ ಶನಿವಾರ ತೆರೆಯಿತು. ಆ ಒಂದು ದಿನಕ್ಕೆ ಕೌಂಟರಿನಲ್ಲಿ ಕೂರುವವರು ಬೇಕೆಂದು ಬೋರ್ಡು ಹಾಕಿದ್ದರು. ನನ್ನ ಬಿ.ಎ. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಕೊಳೆಯುತ್ತಿತ್ತು. ಅಪ್ಲೈ ಮಾಡಿದೆ, ಸಿಕ್ಕಿತು. ಪುಸ್ತಕಕ್ಕೆ ತಾರೀಕಿನ ಮೊಹರು ಒತ್ತುವ ಆ ಕೆಲಸ ನನಗೆ ಎಷ್ಟು ಹಿಡಿಸಿತೆಂದರೆ, ಶುಕ್ರವಾರವೇ ಸೀರೆ ಇಸ್ತ್ರಿ ಮಾಡಿಡುತ್ತಿದ್ದೆ. ಈ ದೇಶಕ್ಕೆ ಬಂದಮೇಲೆ ಮೊದಲ ಸಲ ನನ್ನನ್ನು ಹುಡುಕಿಕೊಂಡು ಜನ ಬರುತ್ತಿದ್ದರು.

"ನಿನ್ ಸಂಬಳ ಕೊಡ್ತಿರೋದು ನಾನು ಕಣೆ" ಎಂದರು ಒಂದು ದಿನ, ನಗುತ್ತ. ಸುಳ್ಳಾಗಿದ್ದರೆ ನಾನೂ ನಗುತ್ತಿದ್ದೆ.

ಮರುವರ್ಷ ಒಂದು ಶನಿವಾರ ಆ ಪಿಯಾನೋ ಟೀಚರು ಕೌಂಟರಿಗೆ ಬಂದಳು. ಎರಡು ಪುಸ್ತಕಗಳ ಜೊತೆ ಒಂದು ಉದ್ದನೆಯ ಹಾಳೆಯನ್ನೂ ಮುಂದಿಟ್ಟಳು. ಕ್ಲಬ್ಬುಗಳನ್ನು ಮುಚ್ಚಿಸಲು ಊರವರ ವೋಟಿಗೆ ಹಾಕಬೇಕೆಂದು ಸಹಿ ಸಂಗ್ರಹಿಸುತ್ತಿದ್ದಳು. ಲೈಬ್ರರಿಗೆ ದುಡ್ಡು ಬೇರೆ ಕಡೆಯಿಂದ ಬಂದೀತೆಂಬ ನಂಬಿಕೆ ಅವಳದು. "ನಿನ್ನದೇ ಮೊದಲ ಸಹಿ ಆಗಬೇಕೆಂದು ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ, ಅವತ್ತು ನೀನು ಎಷ್ಟು ಚೆನ್ನಾಗಿ ಮಾತಾಡಿದೆ" ಎಂದಳು.

ಪೆನ್ನು ನನ್ನ ಕೈಯಲ್ಲೇ ಇತ್ತು. ಕ್ಲಬ್ಬು ಮುಚ್ಚಿದರೆ ಗಂಡ ಮನೆಗೆ, ನಾನೂ ಮನೆಗೆ. ಇಷ್ಟು ವರ್ಷ ಬೇಡಿಕೊಂಡಿದ್ದು ಇದನ್ನೇ ಅಲ್ಲವೇ? ನನ್ನ ಮೇಲೆ ನನಗೇ ಅಸಹ್ಯವಾಗುವಷ್ಟು ಸಿಟ್ಟು ಬಂತು.

"ಕೆಲಸದ ಹೊತ್ತಿನಲ್ಲಿ ಇಂಥದಕ್ಕೆ ಸಹಿ ಹಾಕುವಂತಿಲ್ಲ, ರೂಲ್ ಇದೆ" ಎಂದೆ. ಅಂಥ ರೂಲ್ ಇರಲಿಲ್ಲ. ಅವಳ ಎರಡೂ ಪುಸ್ತಕಗಳಿಗೆ ಮೊಹರು ಒತ್ತಿ ಕೊಟ್ಟೆ.